ಮನೆ ನಂಬರ್ 214/ಬ ಜಲಾಶಯದ ಇಂದಿನ ಮಟ್ಟ

ರಾಮದುರ್ಗದ ಗಾಣದ ಓಣಿಯ ಮನೆ ನಂಬರ್ 214/ಬ ಕಳೆದ ಫೆಬ್ರವರಿ ಹತ್ತೊಂಬತ್ತನೆಯ ತಾರೀಖಿನಿಂದ ಜಲವಿದ್ಯುತ್ ಯೋಜನೆಯಾಗಿದೆ. ಅದಕ್ಕೂ ಮುಂಚೆ ಅದು ಸಾವಿತ್ರೆವ್ವನ ಮನೆಯಾಗಿತ್ತು. ಆಕೆ ಈಗಲೂ ಅಲ್ಲಿಯೇ ಇದ್ದಾಳೆ. ಯೋಜನಾ ಪ್ರದೇಶದೊಳಗೆ ರೊಟ್ಟಿ ಬಡಿಯಲು ಆಕೆಗೆ ಈ ವರ್ಷದ ಕೊನೆಯವರೆಗೆ ತಾತ್ಕಾಲಿಕ ಅನುಮತಿ ಕೊಡಲಾಗಿದೆ.

ಇದಕ್ಕೆಲ್ಲ ಮೂಲ ತೊರಗಲ್ಲಿನ ಒಂದು ತೊಟ್ಟಿಲು. ಸಾವಿತ್ರೆವ್ವನ ಅಕ್ಕ ರಾಮವ್ವನನ್ನು ಕೊಟ್ಟದ್ದು ತೊರಗಲ್ಲಿಗೆ. ಬಸ್ಸು ಹತ್ತಿದರೆ ಒಂದು ತಾಸೂ ಹಿಡಿಯದ ಊರು. ಆದರೂ ಸಾವಿತ್ರೆವ್ವ ಅಕ್ಕನ ಮನೆಯ ಹೊಸ್ತಿಲು ತುಳಿದು ಹನ್ನೊಂದು ವರ್ಷವಾಗಿತ್ತು. ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ಅಡ್ಡ ಬಂದದ್ದು ನಳ.

ಗಾಣದ ಓಣಿಗೆ ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ. ಎಂಟು ಎಂದರೆ ಆರೂ ಆಗಬಹುದು, ಹನ್ನೆರಡೂ ಆಗಬಹುದು. ಬೆಳಿಗ್ಗೆ ಬರುತ್ತದೋ ಮಧ್ಯಾಹ್ನ ಬರುತ್ತದೋ ಎಂದು ನೀರು ಬಿಡುವ ಬಸಯ್ಯನನ್ನು ಕೇಳಿದರೆ ಆತ ಒಮ್ಮೆ ಆಕಾಶ ನೋಡುತ್ತಾನೆ, ಒಮ್ಮೆ ಕೈಯಲ್ಲಿನ ವಾಲ್ವಿನ ಉದ್ದ ಚಾವಿ ನೋಡುತ್ತಾನೆ. ಬಂದಾಗ ಮನೆಯಲ್ಲಿ ಒಬ್ಬರು ಇರಲೇಬೇಕು. ಏಕೆಂದರೆ ಹೊಸ ನೀರು ಬಂದ ಕೂಡಲೇ ಹಂಡೆ, ಕೊಡ, ಬ್ಯಾರಲ್ಲುಗಳ ಹಳೆಯ ನೀರನ್ನು ಓಣಿಗೆ ಚೆಲ್ಲಿ, ತಿಕ್ಕಿ ತೊಳೆದು, ಹೊಸದನ್ನು ತುಂಬುವುದು ಅಲ್ಲಿಯ ಪದ್ಧತಿ. ಎಂಟು ದಿನ ಜೀವ ಬಿಗಿಹಿಡಿದು ಉಳಿಸಿದ ನೀರು, ನಳ ಬುಸ್ ಎಂದ ಕ್ಷಣ ಹಳಸಿಬಿಡುತ್ತದೆ. ನೀರು ಹೇಗೆ ಹಳಸುತ್ತದೆ ಎಂದು ಓಣಿಯಲ್ಲಿ ಇದುವರೆಗೆ ಯಾರೂ ಕೇಳಿಲ್ಲ.

ಆ ಒಬ್ಬರು ಎಂದರೆ ಸಾವಿತ್ರೆವ್ವ. ಗಂಡ ಸಂಗಪ್ಪನಿಗೆ ಪ್ಯಾಟಿಯಲ್ಲಿ ಹಗ್ಗ, ಕಣ್ಣಿ, ಬಾರುಕೋಲು ಮಾರುವ ಅಂಗಡಿ ಇತ್ತು. ಹನ್ನೊಂದು ವರ್ಷದ ಹಿಂದೆ ಇಬ್ಬರೂ ಕೂಡಿ ರಾಮವ್ವನ ಮಗನ ಮದುವೆಗೆಂದು ತೊರಗಲ್ಲಿಗೆ ಹೋಗಿದ್ದರು. ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಇಲ್ಲಿ ನೀರು ಬಂದು ಹೋಯಿತು. ಮುಂದಿನ ಹದಿನಾರು ದಿನ ಸಂಗಪ್ಪ ಸೋಡಾದಲ್ಲಿ ಮುಖ ತೊಳೆದ. ಅಂದಿನಿಂದ ಸಾವಿತ್ರೆವ್ವ ಊರು ಬಿಡಲಿಲ್ಲ.

ಕಳೆದ ಫೆಬ್ರವರಿಯ ಮೊದಲ ವಾರ ರಾಮವ್ವನ ಫೋನು ಬಂತು.

"ಸಾವಿತ್ರೀ, ಮೊಮ್ಮಗಳ ತೊಟ್ಟಲ ಕಾರ್ಯ ಮಾರ್ಚ್ ಹನ್ನೆರಡಕ್ಕ ಇಟ್ಟೇವಿ. ನಮ್ಮವ್ವನ ಹೆಸರs ಇಡಾಕತ್ತೇವಿ, ನೀಲವ್ವ ಅಂತ. ಈ ಸಲನೂ ನೀ ಬರಲಿಲ್ಲಂದ್ರ, ಆಕಿ ನನಗೊಬ್ಬಾಕಿಗೇ ಅವ್ವ ಆಗಿದ್ಲು ಅಂತ ತಿಳಕೋತೇನಿ."

ಸಾವಿತ್ರೆವ್ವ ಫೋನಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ನಳದ ಕಡೆ ನೋಡಿದಳು. ಹನ್ನೊಂದು ವರ್ಷದಿಂದ ಆಕೆಗೆ ಅಳು ಬಂದಾಗಲೂ ಮೊದಲು ಕಣ್ಣು ಹೋಗುವುದು ಅತ್ತಲೇ.

"ಮಾಳಪ್ಪನ್ನ ಕೇಳಿ ನೋಡೂಣು," ಎಂದ ಸಂಗಪ್ಪ.

ಮಾಳಪ್ಪ ಓಣಿಯ ಇಳಿಜಾರಿನ ಕೊನೆಗೆ ಮೋಟಾರು ವೈಂಡಿಂಗ್ ಅಂಗಡಿ ಇಟ್ಟವನು. ಬಂದವನೇ ಪಡಸಾಲೆಯ ಗೋಡೆಯ ಮೇಲಿದ್ದ ಬಿಳಿ ಡಬ್ಬಿಯ ಕಸೂತಿ ಮುಸುಕು ತೆಗೆದ. ಹೋದ ವರ್ಷ ಕರೆಂಟಿನ ಕಚೇರಿಯವರು ಪ್ರಯೋಗಕ್ಕೆಂದು ಓಣಿಯ ನಾಲ್ಕು ಮನೆಗಳಿಗೆ ಇಂಥ ಡಬ್ಬಿ ಕೂಡಿಸಿದ್ದರು. ಮನೆಯಲ್ಲಿ ಎಷ್ಟು ಕರೆಂಟು ಸುಡುತ್ತಿದೆ ಎಂದು ಅದು ಹಗಲಿಡೀ ತೋರಿಸುತ್ತಿತ್ತು, ಮನೆಯವರ ಮೊಬೈಲಿಗೂ ಕಚೇರಿಗೂ ಸುದ್ದಿ ಮುಟ್ಟಿಸುತ್ತಿತ್ತು. ಬಿಳಿ ಸಾಮಾನಿಗೆ ಧೂಳು ಕೂಡಬಾರದೆಂದು ಸಾವಿತ್ರೆವ್ವ ಅದಕ್ಕೆ ಮುಸುಕು ಹೊಲಿದು ಹಾಕಿದ್ದಳು.

"ವೈನೀ, ಈ ಡಬ್ಬಿ ತಳಕ ಒಂದು ತೂತು ಖಾಲಿ ಐತಿ ನೋಡ್ರಿ," ಎಂದ ಮಾಳಪ್ಪ. "ನಳದ ಪೈಪಿಗೆ ಒಂದು ಸೆನ್ಸರ್ ಕೂಡಸತೇನಿ. ಅದರಾಗ ಸಣ್ಣದೊಂದು ಗಾಲಿ ಇರತೈತಿ. ನೀರು ಬಂತಂದ್ರ ಗಾಲಿ ತಿರಗತೈತಿ, ಡಬ್ಬಿಗೆ ಟಿಕ್ ಟಿಕ್ ಅಂತ ತಿಳಸತೈತಿ. ಡಬ್ಬಿ ಸಂಗಪ್ಪಣ್ಣನ ಮೊಬೈಲ್ ಬಾರಸತೈತಿ. ಅಣ್ಣ ಅಂಗಡಿ ಬಿಟ್ಟು ಓಡಿ ಬರತಾನ. ನೀವು ತೊರಗಲ್ಲಾಗ ಆರಾಮ ಹೋಳಿಗಿ ತಿನಕೋತ ಕೂಡ್ರಿ."

ಸೆನ್ಸರ್ ಕೂಡಿಸಲು ಅರ್ಧ ತಾಸು ಸಾಕಾಯಿತು. ಆದರೆ ತಂತಿ ಚುಚ್ಚಿದ ಕೂಡಲೇ ಡಬ್ಬಿ ಒಂದು ಪ್ರಶ್ನೆ ಕೇಳಿತು. ಈ ತಂತಿಯಲ್ಲಿ ಬರುವುದು ಬಳಕೆಯೋ, ಉತ್ಪಾದನೆಯೋ? ಮೂರನೆಯ ಉತ್ತರ ಅದರಲ್ಲಿ ಇರಲಿಲ್ಲ. ನೀರು ಎಂಬ ಪದವಂತೂ ಇರಲೇ ಇಲ್ಲ.

"ಬಳಕಿ ಅಂತ ಒತ್ತಿದ್ರ ಬಿಲ್ ಬರತೈತಿ," ಎಂದ ಸಂಗಪ್ಪ. ಸರ್ಕಾರದ ಯಾವ ಕಾಗದ ಕೈಗೆ ಬಂದರೂ ಆತ ಮೊದಲು ನೋಡುವುದು ಅದನ್ನೇ.

"ಹೌದಲ್ಲ. ಮತ್ತ ನೀರು ಒಳಗ ಬರೂದಲ್ಲೇನ್ರಿ, ಹೊರಗ ಹೋಗೂದಲ್ಲ. ಉತ್ಪಾದನಿ ಅಂತ ಒತ್ತೂಣು," ಎಂದು ಮಾಳಪ್ಪ ಒತ್ತಿದ.

ಆ ಸೆನ್ಸರ್ ಒಂದು ಲೀಟರು ನೀರಿಗೆ ನಾಲ್ಕುನೂರಾ ಐವತ್ತು ಸಲ ಟಿಕ್ ಎನ್ನುತ್ತದೆ. ಆ ಡಬ್ಬಿ ಸಾವಿರ ಟಿಕ್ಕಿಗೆ ಒಂದು ಯೂನಿಟ್ ಕರೆಂಟು ಎಂದು ತಿಳಿಯುತ್ತದೆ. ಎರಡೂ ತಮ್ಮ ತಮ್ಮ ಕೆಲಸದಲ್ಲಿ ಪ್ರಾಮಾಣಿಕವಾಗಿದ್ದವು. ಪ್ರಾಮಾಣಿಕರಿಬ್ಬರು ಒಂದೇ ಕೆಲಸಕ್ಕೆ ನಿಂತರೆ ಏನಾಗುತ್ತದೆ ಎಂಬುದು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಫೆಬ್ರವರಿ ಹದಿನೇಳರ ಬೆಳಿಗ್ಗೆ ಹತ್ತಕ್ಕೆ ನೀರು ಬಂತು. ಡಬ್ಬಿ ಸಂಗಪ್ಪನ ಮೊಬೈಲು ಬಾರಿಸಿತು, ಆತ ಗಿರಾಕಿಯ ಕೈಯಲ್ಲಿದ್ದ ಹಗ್ಗವನ್ನು ಹಾಗೇ ಬಿಟ್ಟು ಏಳು ನಿಮಿಷದಲ್ಲಿ ಓಡಿ ಬಂದ. ಹಿತ್ತಲಿನ ಕಟ್ಟೆಯ ಮೇಲಿದ್ದ ಕರಿ ಟಾಕಿಗೆ ಎರಡು ಸಾವಿರ ಲೀಟರು ತುಂಬಿತು. ಸಾವಿತ್ರೆವ್ವನ ಸಂತೋಷಕ್ಕೆ ಪಾರವಿರಲಿಲ್ಲ. ಹನ್ನೆರಡನೆಯ ತಾರೀಖಿಗೆ ಉಡಲೆಂದು ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಅವ್ವ ನೀಲವ್ವ ಕೊಡಿಸಿದ ಸೀರೆ ಅದು. ಡಬ್ಬಿಯಲ್ಲಿ ಒಂಬೈನೂರು ಎಂಬ ಅಂಕಿ ಮೂಡಿದ್ದನ್ನು ಯಾರೂ ಗಮನಿಸಲಿಲ್ಲ.

ಕಚೇರಿ ಗಮನಿಸಿತು. ಮರುದಿನವೇ ಅಲ್ಲಿಯ ಅಧಿಕಾರಿ ಪ್ರಜ್ಞಾ ಮೇಡಂ ಬಂದರು. ಚಿಕ್ಕ ವಯಸ್ಸು, ಶುದ್ಧ ನಡತೆ, ಕಂಕುಳಲ್ಲಿ ಫೈಲು. ಚಹಾ ಕುಡಿದು, ಕಪ್ಪನ್ನು ತಾವೇ ಒಳಗಿಟ್ಟು ಬಂದು, ಮಾತು ಶುರುಮಾಡಿದರು.

"ಅವ್ವಾರ, ನಿಮ್ಮನಿ ಒಳಗ ನಿನ್ನೆ ಒಂಬೈನೂರು ಯೂನಿಟ್ ಕರೆಂಟ್ ಹುಟ್ಟೇತ್ರಿ."

"ಕರೆಂಟ್ ಅಲ್ರಿ ಬಾಯಾರ, ನೀರು ಬಂದಿತ್ತು."

"ನೀರು ಬಂತು, ಕರೆಂಟ್ ಹುಟ್ಟಿತು. ಅದಕ್ಕ ಜಲವಿದ್ಯುತ್ ಅಂತಾರ್ರಿ."

ಸಂಗಪ್ಪ ಮಾಳಪ್ಪನನ್ನು ಕರೆಸಿದ. ಮಾಳಪ್ಪ ಒಂದನ್ನೂ ಮುಚ್ಚಿಡದೆ, ಸೆನ್ಸರಿನ ಬಿರಡೆ ತೆಗೆದು ತೋರಿಸಿ, ಎಲ್ಲವನ್ನೂ ಬಿಡಿಸಿ ಹೇಳಿದ. ಮೇಡಂ ಒಂದಕ್ಷರ ಬಿಡದೆ ಬರೆದುಕೊಂಡರು.

"ಒಳಗ ಗಾಲಿ ಐತಿ ಅಂದ್ರಿ?"

"ಐತ್ರಿ."

"ನೀರಿನಿಂದ ತಿರಗತೈತಿ?"

"ನೀರಿನಿಂದನs ತಿರಗತೈತ್ರಿ."

"ಟರ್ಬೈನ್," ಎಂದು ಬರೆದರು ಮೇಡಂ. "ಆಮ್ಯಾಲ ಆ ನೀರು ಎಲ್ಲಿ ಹೋಗತೈತಿ?"

"ಟಾಕಿ ಒಳಗ ನಿಂದರತೈತ್ರಿ."

"ಜಲಾಶಯ," ಎಂದು ಬರೆದರು. ಆಮೇಲೆ ಪೆನ್ನು ಮುಚ್ಚಿ, ನಿಜವಾದ ಕನಿಕರದಿಂದ ಸಾವಿತ್ರೆವ್ವನ ಕಡೆ ತಿರುಗಿದರು. "ಅವ್ವಾರ, ಇದು ತಪ್ಪು ಇದ್ದರೂ ಇರಬಹುದು ಅಂತ ನನಗೂ ಅನಸತೈತ್ರಿ. ಆದ್ರ ತಪ್ಪು ಅಂತ ಬರಿಯಾಕ ನಮ್ಮಲ್ಲಿ ಫಾರ್ಮ್ ಇಲ್ಲ. ಜಲವಿದ್ಯುತ್ ಅಂತ ಬರಿಯಾಕ ಫಾರ್ಮ್ ಐತಿ. ನಾನು ಸವದತ್ತಿಯಾಕಿ, ಸಣ್ಣಾಕಿ ಇದ್ದಾಗಿಂದ ಡ್ಯಾಮ್ ನೋಡಕೋತ ಬೆಳದೇನಿ. ನೀವು ಚಿಂತಿ ಮಾಡಬ್ಯಾಡ್ರಿ, ಎಲ್ಲಾ ನಾ ಸರಿಯಾಗಿ ಮಾಡತೇನಿ."

ಅವರು ಮಾತಿಗೆ ತಪ್ಪುವವರಲ್ಲ. ಹತ್ತೊಂಬತ್ತಕ್ಕೆ ಆದೇಶ ಬಂತು. ಸದರಿ ಮನೆಯಲ್ಲಿ ಹುಟ್ಟಿದ ಒಂಬೈನೂರು ಯೂನಿಟ್ಟುಗಳಲ್ಲಿ ಒಂದೂ ತಂತಿಗೆ ಬಂದು ಸೇರಿಲ್ಲವಾದ್ದರಿಂದ, ಸಾಗಣೆಯಲ್ಲಿ ಆದ ನಷ್ಟ ನೂರಕ್ಕೆ ನೂರು ಎಂದು ದಾಖಲಿಸಲಾಗಿದೆ, ಪರಿಸ್ಥಿತಿ ತೃಪ್ತಿಕರವಾಗಿದೆ. ಹಿತ್ತಲಿನ ಟಾಕಿಯನ್ನು ಜಲಾಶಯವೆಂದೂ, ಅದಕ್ಕೆ ಹತ್ತುವ ನಾಲ್ಕು ಮೆಟ್ಟಿಲುಗಳನ್ನು ನಿಷೇಧಿತ ಪ್ರದೇಶವೆಂದೂ ಘೋಷಿಸಲಾಗಿದೆ. ಅಲ್ಲಿ ಫೋಟೋ ತೆಗೆಯುವುದನ್ನು ಹಾಗೂ ಹಪ್ಪಳ ಒಣಗಿಸುವುದನ್ನು ನಿರ್ಬಂಧಿಸಿದೆ. ಮನೆಯಲ್ಲಿ ಸದಾ ಇರುವವರಾದ ಶ್ರೀಮತಿ ಸಾವಿತ್ರೆವ್ವ ಇವರನ್ನು ಜಲಾಶಯದ ಪ್ರಭಾರ ಅಧಿಕಾರಿಯೆಂದು ನೇಮಿಸಿದೆ. ಜಲಾಶಯದಲ್ಲಿ ನೀರಿರುವ ತನಕ ಪ್ರಭಾರ ಅಧಿಕಾರಿಯು ಕೇಂದ್ರಸ್ಥಾನ ಬಿಟ್ಟು ತೆರಳತಕ್ಕದ್ದಲ್ಲ.

ಕೊನೆಯ ವಾಕ್ಯವನ್ನು ಸಂಗಪ್ಪ ಎರಡು ಸಲ ಓದಿ ಹೇಳಬೇಕಾಯಿತು.

"ನನಗ ಹನ್ನೆರಡಕ್ಕ ತೊರಗಲ್ಲಿಗೆ ಹೋಗಬೇಕ್ರಿ ಬಾಯಾರ. ನಮ್ಮವ್ವನ ಹೆಸರ ಇಡಾಕತ್ತಾರ," ಎಂದು ಸಾವಿತ್ರೆವ್ವ ಫೋನಿನಲ್ಲಿ ಬೇಡಿಕೊಂಡಳು.

"ಟಾಕಿ ಒಳಗ ನೀರು ಇರೂತನಾ ಬರೂದಿಲ್ರಿ ಅವ್ವಾರ. ಡ್ಯಾಮ್ ಬಿಟ್ಟು ಯಾರರೆ ಹೋಗತಾರೇನು, ಹೇಳ್ರಿ?"

ಸಾವಿತ್ರೆವ್ವ ಫೋನಿಟ್ಟಳು. ಡ್ಯಾಮ್ ಬಿಟ್ಟು ಹೋದವರನ್ನು ಆಕೆ ಕಂಡಿರಲಿಲ್ಲ.

ಇಪ್ಪತ್ತೈದಕ್ಕೆ ಮತ್ತೆ ನೀರು ಬಂತು. ಸಾವಿತ್ರೆವ್ವ ರೂಢಿಯಂತೆ ಎರಡು ಹಂಡೆ, ಒಂದು ಬ್ಯಾರಲ್ಲಿನ ಹಳೆಯ ನೀರನ್ನು ಓಣಿಗೆ ಚೆಲ್ಲಿದಳು. ಅದು ಗಟಾರಿನಲ್ಲಿ ಇಳಿದು ಮಾಳಪ್ಪನ ಅಂಗಡಿಯ ಹೊಸ್ತಿಲು ತೋಯಿಸಿ ಮುಂದೆ ಹೋಯಿತು. ಇಪ್ಪತ್ತು ವರ್ಷದಿಂದ ಅದು ಹೋಗುತ್ತಿದ್ದದ್ದೇ ಹಾಗೆ. ಈ ಸಲ ಮಾತ್ರ ನೋಟೀಸು ಬಂತು. ನದಿಪಾತ್ರದ ಜನರಿಗೆ ಮುನ್ಸೂಚನೆ ಕೊಡದೆ ಜಲಾಶಯದಿಂದ ನೀರು ಹೊರಬಿಟ್ಟಿದ್ದೇಕೆ? ಏಳು ದಿನದೊಳಗೆ ಉತ್ತರಿಸತಕ್ಕದ್ದು. ಮಾಳಪ್ಪನನ್ನು ನೆರೆ ಸಂತ್ರಸ್ತರ ಯಾದಿಯಲ್ಲಿ ಸೇರಿಸಿ ಒಂದು ಚಾಪೆ, ಒಂದು ಕಂಬಳಿ ಕೊಟ್ಟರು. ಆತ ಮೊದಲು ಬೇಡವೆಂದ. ಕಂಬಳಿಯನ್ನು ಮುಟ್ಟಿ ನೋಡಿದ ಮೇಲೆ ತಗೊಂಡ.

ಅಲ್ಲಿಂದ ಮುಂದೆ ನೀರು ಬರುವ ಸುಳಿವು ಸಿಕ್ಕಾಗಲೆಲ್ಲ ಡಂಗುರ ಸಾರುವುದು ನಿಯಮವಾಯಿತು. "ಕೇಳ್ರಪ್ಪೋ ಕೇಳ್ರಿ! ಮನಿ ನಂಬರ್ ಎರಡುನೂರಾ ಹದಿನಾಲ್ಕರ ಜಲಾಶಯದಿಂದ ಎರಡು ಹಂಡೆ ನೀರು ಯಾವ ಕ್ಷಣಕ್ಕಾದರೂ ಹೊರಗ ಬೀಳಬಹುದು! ಗಟಾರಿನ ಎರಡೂ ದಂಡಿ ಮಂದಿ ದನಾ ಕರಾ ಸಾಮಾನು ತಗೊಂಡು ಎತ್ತರದ ಜಾಗಾಕ್ಕ ಹೋಗಬೇಕಪ್ಪೋ!" ಮೊದಲ ಸಲ ಜನ ನಕ್ಕರು. ಎರಡನೆಯ ಸಲ ನಕ್ಕವರ ಹೆಸರನ್ನು ಪಟ್ಟಿ ಮಾಡಿಕೊಳ್ಳುತ್ತಾರೆಂಬ ಸುದ್ದಿ ಬಂತು. ಮೂರನೆಯ ಸಲಕ್ಕೆ ಗಟಾರಿನ ದಂಡೆಯ ಹನ್ನೊಂದು ಮನೆಯವರು ಎಮ್ಮೆ, ಗಡಿಗೆ ಸಮೇತ ಹೋಗಿ ಗುಡಿಯ ಕಟ್ಟೆಯ ಮೇಲೆ ಕೂತು, ಚುರುಮುರಿ ತಿನ್ನುತ್ತ ನೆರೆಗಾಗಿ ಕಾದರು. ಮಾಳಪ್ಪನಿಗೆ ಕೊಟ್ಟಂಥ ಕಂಬಳಿ ಎಲ್ಲರಿಗೂ ಸಾಲುತ್ತವೋ ಇಲ್ಲವೋ ಎಂಬುದೇ ಅವರ ಚಿಂತೆ.

ಮಾರ್ಚ್ ನಾಲ್ಕಕ್ಕೆ ಜಲಾಶಯ ಭರ್ತಿಯಾಯಿತು. ಬೇಸಿಗೆಯಲ್ಲಿ ತುಂಬಿದ ಜಲಾಶಯ ಸುತ್ತ ನಾಲ್ಕು ತಾಲ್ಲೂಕಿನಲ್ಲಿ ಇದೊಂದೇ. ತುಂಬಿದ ಜಲಾಶಯಕ್ಕೆ ಬಾಗಿನ ಅರ್ಪಿಸುವುದು ಮುಖಂಡರ ಕರ್ತವ್ಯ. ಓಣಿಯ ಮುಖಂಡ ಬಸವಣ್ಣೆಪ್ಪ ಕರ್ತವ್ಯದಲ್ಲಿ ಹಿಂದೆ ಬಿದ್ದವರಲ್ಲ. ಹಲಗೆ, ಸನಾದಿಗಳೊಂದಿಗೆ ಬಂದು, ನಾಲ್ಕೂ ಮೆಟ್ಟಿಲು ಹತ್ತಿ, ಟಾಕಿಯ ಮುಚ್ಚಳ ತೆಗೆಸಿದರು. ಬಾಗಿನದ ಮೊರದಲ್ಲಿ ಅರಿಷಿಣ ಇತ್ತು, ಕುಂಕುಮ ಇತ್ತು, ಹಸಿರು ಬಳೆ ಇದ್ದವು. ಸೀರೆ ಇರಲಿಲ್ಲ. ತರುವವನು ಮರೆತಿದ್ದ.

"ಅಗೋ ಅಲ್ಲೊಂದು ಐತಲ್ಲ," ಎಂದರು ಬಸವಣ್ಣೆಪ್ಪ, ಹಿತ್ತಲಿನ ಹಗ್ಗದ ಮೇಲೆ ಅಂದು ಮತ್ತೆ ಬಿಸಿಲಿಗೆ ಹಾಕಿದ್ದ ಸೀರೆಯ ಕಡೆ ಕೈ ತೋರಿಸಿ. "ಜಲಾಶಯದ ಆವಾರದಾಗ ಇದ್ದದ್ದು ಜಲಾಶಯದ್ದs."

"ಏ, ಅದು ನಮ್ಮವ್ವಂದ್ರಿ!" ಎಂದು ಸಾವಿತ್ರೆವ್ವ ಓಡಿ ಬರುವಷ್ಟರಲ್ಲಿ ಇಳಕಲ್ ಸೀರೆ ಟಾಕಿಯೊಳಗೆ ಬಿದ್ದು, ಒಂದು ಸುತ್ತು ಅರಳಿ, ಮುಳುಗಿತು. ಜನ ಚಪ್ಪಾಳೆ ತಟ್ಟಿದರು. ಸೀರೆಯನ್ನು ಹೊರಗೆ ತೆಗೆಯಬೇಕಾದರೆ ಹೂಳೆತ್ತುವ ಮಂಜೂರಾತಿ ಬೇಕೆಂದು ಪ್ರಜ್ಞಾ ಮೇಡಂ ಮೆಲ್ಲಗೆ ತಿಳಿಸಿದರು. ಸಾವಿತ್ರೆವ್ವ ಅಡುಗೆಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಅವ್ವಾ ಎಂದು ಅತ್ತಳು. ಪ್ರಭಾರ ಅಧಿಕಾರಿಗಳು ಸಮಾರಂಭದಲ್ಲಿ ಭಾವುಕರಾದರು ಎಂದು ವರದಿಯಲ್ಲಿ ಬಂತು.

ಮುಂದೆ ಹತ್ತು ದಿನವಾದರೂ ಇರಬಹುದಾಗಿದ್ದ ನೀರು ಐದೇ ದಿನಕ್ಕೆ ಮುಗಿಯಿತು. ಕಾರಣ ನೀರು ಬಿಡುವ ಬಸಯ್ಯ. ಮಾರ್ಚ್ ಐದಕ್ಕೆ ಆತ ಚಾವಿ ಹಿಡಿದುಕೊಂಡು ಬಾಗಿಲಿಗೆ ಬಂದ.

"ಇನ್ನಮ್ಯಾಲ ಈ ಓಣಿಗೆ ನೀರು ಬಿಡಾಕ ಬರೂದಿಲ್ರಿ ತಂಗೆವ್ವಾರ."

"ಯಾಕ್ರಿ ಅಯ್ಯಾರ? ನಾವೇನ್ ತಪ್ಪ ಮಾಡೇವಿ?"

"ತಪ್ಪಿನ ಮಾತಲ್ಲ. ಡ್ಯಾಮಿನಿಂದ ನಳಕ್ಕ ನೀರು ಬಿಡತಾರ. ನಳದಿಂದ ಡ್ಯಾಮಿಗೆ ಬಿಟ್ಟದ್ದು ನೀವು ಎಲ್ಲೆರೆ ಕಂಡೀರಿ? ಮ್ಯಾಲಿನವರು ಕೇಳಿದ್ರ ನಾ ಏನ್ ಹೇಳ್ಲಿ? ಓಣ್ಯಾಗ ಡ್ಯಾಮ್ ಇಟಕೊಂಡು ನಳದ ನೀರು ಕೇಳೂದು ಚೊಲೋ ಕಾಣಸೂದಿಲ್ರಿ."

ಸಾವಿತ್ರೆವ್ವ ನೋಡುತ್ತಿದ್ದಂತೆಯೇ ಆತ ಓಣಿಯ ಬಾಯಿಗಿದ್ದ ವಾಲ್ವನ್ನು ಬಿಗಿದು, ಚಾವಿಯನ್ನು ಹೆಗಲಿಗಿಟ್ಟು ಹೋದ. ಅದೇ ಮಧ್ಯಾಹ್ನ ಗಾಣದ ಓಣಿಯನ್ನು ಅಚ್ಚುಕಟ್ಟು ಪ್ರದೇಶವೆಂದು ಘೋಷಿಸಿ ಬೋರ್ಡು ನಿಲ್ಲಿಸಿದರು. ಅಚ್ಚುಕಟ್ಟಿನವರೆಲ್ಲ ಹಕ್ಕಿನಿಂದ ಕೊಡ ಹಿಡಿದು ಬಂದು ಸಾವಿತ್ರೆವ್ವನ ಟಾಕಿಯ ಮುಂದೆ ಪಾಳಿ ಹಚ್ಚಿದರು. ಬಾಗಿನದ ಕುಂಕುಮ ಬೆರೆತ ನೀರಿನಿಂದ ಓಣಿಯಲ್ಲಿ ಐದು ದಿನ ಕೆಂಪು ಅನ್ನ ಬೆಂದಿತು. ಯಾರೂ ಕೆಟ್ಟ ಮಾತಾಡಲಿಲ್ಲ. ನಮ್ಮ ಡ್ಯಾಮಿನ ನೀರಿನ ರುಚಿಯೇ ಬೇರೆ ಎಂದರು.

ಒಂಬತ್ತನೆಯ ತಾರೀಖು ಸಾವಿತ್ರೆವ್ವನ ಸಹನೆ ತೀರಿತು. ಮಾಳಪ್ಪನನ್ನು ಕರೆಸಿ, "ಕಿತ್ತ ಒಗದ ಬಿಡಪಾ ಆ ಸುಡಗಾಡ ಗಾಲಿ!" ಎಂದಳು.

ಮಾಳಪ್ಪ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. "ಡ್ಯಾಮ್ ಒಡದಾಂವ ಅಂತ ಒಳಗ ಹಾಕತಾರ್ರಿ ವೈನೀ. ಅದೂ ಅಲ್ದ..." ಎಂದು ದನಿ ತಗ್ಗಿಸಿದ. "ನನ್ನ ಹೆಸರು ನೆರಿ ಯಾದಿ ಒಳಗ ಬಂದೈತಿ. ಮುಂದಿನ ತಿಂಗಳ ತಗಡು ಕೊಡತಾರಂತ. ಡ್ಯಾಮs ಇಲ್ಲಂದ್ರ ನೆರಿ ಎಲ್ಲಿಂದ ತರೂಣು?"

ಹನ್ನೊಂದಕ್ಕೆ ಪ್ರಜ್ಞಾ ಮೇಡಂ ಬಂದು, ಟಾಕಿಯೊಳಗೆ ಉದ್ದನೆಯ ಕೋಲು ಇಳಿಬಿಟ್ಟು ಅಳತೆ ಮಾಡಿದರು. ಕೋಲಿನ ತುದಿ ಒಣಗಿತ್ತು. ತಳದಲ್ಲಿ ಒದ್ದೆ ಸೀರೆ, ಹದಿಮೂರು ಬಳೆ.

"ಜಲಾಶಯ ಬತ್ತೇತ್ರಿ," ಎಂದು ದುಃಖದಿಂದ ಹೇಳಿದರು. ಆಮೇಲೆ ಏನೋ ನೆನಪಾಗಿ ಅವರ ಮುಖ ಅರಳಿತು. "ಅವ್ವಾರ! ನೀರಿಲ್ಲಂದ್ರ ನೀವು ಕೇಂದ್ರಸ್ಥಾನ ಬಿಡಬಹುದಲ್ರಿ! ನಾಳೆ ಹೋಗಿ ಬರ್ರಿ. ರಜಾ ನಾನs ಬರದ ಕೊಡತೇನಿ."

ಹೀಗೆ ಮಾರ್ಚ್ ಹನ್ನೆರಡರ ಬೆಳಿಗ್ಗೆ, ಹನ್ನೊಂದು ವರ್ಷದ ಮೇಲೆ, ಸಾವಿತ್ರೆವ್ವ ದಿನಬಳಕೆಯ ವಾಯಿಲ್ ಸೀರೆ ಉಟ್ಟು, ಎರಡು ಖಾಲಿ ಕೊಡ ಹಿಡಿದುಕೊಂಡು ತೊರಗಲ್ಲಿನ ಬಸ್ಸು ಹತ್ತಿದಳು. ಬಸ್ಸು ಸೇತುವೆ ದಾಟುವಾಗ ಕೆಳಗೆ ಮಲಪ್ರಭೆ ಹರಿಯುತ್ತಿದ್ದಳು. ಸಾವಿತ್ರೆವ್ವ ಅತ್ತ ನೋಡಲಿಲ್ಲ. ನಳದ ಚಿಂತೆಯಿಲ್ಲದೆ ಬಸ್ಸಿನಲ್ಲಿ ಕೂತರೆ ಹೇಗಿರುತ್ತದೆ ಎಂಬುದು ಆಕೆಗೆ ಮರೆತೇ ಹೋಗಿತ್ತು. ಕಿಟಕಿಯ ಗಾಳಿಗೆ ಕಣ್ಣು ತುಂಬಿ ಬಂದವು.

ತೊಟ್ಟಿಲು ತೂಗಿದರು. ಕೂಸಿನ ಕಿವಿಯಲ್ಲಿ ನೀಲವ್ವ ಎಂದು ಮೂರು ಸಲ ಹೇಳಿದರು. ರಾಮವ್ವ ತಂಗಿಯ ಕೈ ಹಿಡಿದುಕೊಂಡೇ ಇದ್ದಳು, ಹೋಳಿಗೆ ಬಡಿಸುವಾಗಲೂ ಬಿಡಲಿಲ್ಲ.

"ನೀ ಇಲ್ಲಿ ಕುಂತೀ, ಅಲ್ಲಿ ನೀರು ಬಂದ್ರ ಹೆಂಗs?"

"ಬರೂದಿಲ್ಲಕ್ಕಾ. ನಮ್ದೀಗ ಡ್ಯಾಮ್ ಆಗೇತಿ."

"ಚೊಲೋ ಆತು ಬಿಡ," ಎಂದಳು ರಾಮವ್ವ. ತಿರುಗಿ ಹೊರಟಾಗ ತನ್ನ ಬಾವಿಯಿಂದ ಎರಡೂ ಕೊಡ ತುಂಬಿಕೊಟ್ಟಳು.

ಸಂಜೆ ಐದಕ್ಕೆ ಸಾವಿತ್ರೆವ್ವ ಬಸ್ಸಿಳಿದು ಬಂದಾಗ ಪ್ರಜ್ಞಾ ಮೇಡಂ ಮನೆಯ ಬಾಗಿಲಲ್ಲೇ ಇದ್ದರು. ನೀರನ್ನು ಹಾಗೆಯೇ ಒಳಗೆ ಒಯ್ಯಲು ಬರುವುದಿಲ್ಲ, ಒಳಹರಿವು ಟರ್ಬೈನಿನ ಮೂಲಕವೇ ಆಗಬೇಕು ಎಂದರು. ಮಾಳಪ್ಪ ಪೈಪಿನ ಬಾಯಿ ಬಿಚ್ಚಿ ಸೀಮೆಎಣ್ಣೆಯ ಲಾಳಿಕೆ ಇಟ್ಟ. ಸಾವಿತ್ರೆವ್ವ ಎರಡೂ ಕೊಡಗಳನ್ನು ಒಂದಾದ ಮೇಲೊಂದು ಬಗ್ಗಿಸಿದಳು. ಗಾಲಿ ತಿರುಗಿತು. ಡಬ್ಬಿಯಲ್ಲಿ ಹದಿಮೂರೂವರೆ ಯೂನಿಟ್ ಎಂದು ಮೂಡಿತು. ಅಚ್ಚುಕಟ್ಟಿನ ಜನ ಮಾಳಿಗೆಗಳ ಮೇಲೆ ನಿಂತು ನೋಡಿದರು.

ಮರುದಿನದ ಸ್ಥಳೀಯ ಪತ್ರಿಕೆಯಲ್ಲಿ, ನಾಡಿನ ದೊಡ್ಡ ದೊಡ್ಡ ಜಲಾಶಯಗಳ ಮಟ್ಟ ಕೊಡುವ ಚೌಕದ ಕೊನೆಯ ಸಾಲಿನಲ್ಲಿ ಹೀಗೆ ಬಂದಿತ್ತು: ಮನೆ ನಂಬರ್ 214/ಬ, ರಾಮದುರ್ಗ. ಒಳಹರಿವು ಎರಡು ಕೊಡ. ಹೊರಹರಿವು ಇಲ್ಲ.

ಓಣಿಯವರು ಈಗ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಹೊಳೆಯಿಂದ ನೀರು ತರುತ್ತಾರೆ. ತಂದಿಟ್ಟು, ಬೆವರೊರೆಸಿಕೊಂಡು, ಮೊದಲು ಪತ್ರಿಕೆಯ ಆ ಸಾಲು ನೋಡುತ್ತಾರೆ. ಒಳಹರಿವು ಮೂರು ಕೊಡ ಇದ್ದ ದಿನ ಓಣಿಯಲ್ಲಿ ಸಮಾಧಾನ ಇರುತ್ತದೆ. ಸೀರೆಗಾಗಿ ಹೂಳೆತ್ತುವ ಪ್ರಸ್ತಾವ ಮೇಲಕ್ಕೆ ಹೋಗಿದೆ.

ಜಲಾಶಯಕ್ಕೆ ಬೇರೆ ಒಳಹರಿವು ಇಲ್ಲವಾದ್ದರಿಂದ, ಪ್ರಭಾರ ಅಧಿಕಾರಿಯು ಎರಡು ದಿನಕ್ಕೊಮ್ಮೆ ಕಡ್ಡಾಯವಾಗಿ ತೊರಗಲ್ಲಿಗೆ ಹೋಗಿ ಬರತಕ್ಕದ್ದು ಎಂದು ಆದೇಶವಾಗಿದೆ. ಸಾವಿತ್ರೆವ್ವ ಹೋಗುತ್ತಾಳೆ. ಕೂಸು ನೀಲವ್ವ ಆಕೆಯ ಗುರುತು ಹಿಡಿಯುತ್ತದೆ, ಕೊಡದ ಸದ್ದು ಕೇಳಿದರೆ ನಗುತ್ತದೆ. ಮೊನ್ನೆ ತೊರಗಲ್ಲಿನ ರಾಮವ್ವನ ಮನೆ ಮತ್ತು ಬಾವಿಯನ್ನು ಜಲಾನಯನ ಪ್ರದೇಶವೆಂದು ಘೋಷಿಸಲಾಯಿತು. ಪ್ರಜ್ಞಾ ಮೇಡಂ ಖುದ್ದಾಗಿ ಹೋಗಿ, ಚಹಾ ಕುಡಿದು, ಕಪ್ಪನ್ನು ತಾವೇ ಒಳಗಿಟ್ಟು, ಆದೇಶ ಓದಿ ಹೇಳಿದರು. ರಾಮವ್ವ ಎಲ್ಲವನ್ನೂ ಕೇಳಿಸಿಕೊಂಡು ಕೇಳಿದ್ದು ಒಂದೇ.

"ಬೋರ್ಡ್ ಯಾವಾಗ ಹಚ್ಚತೀರಿ?"